ಆಷಾಢಕ್ಕೆ ತವರಿಗೆ ಹೋದ ಟ್ರಾಕ್ಟರು

ಒಂದಾನೊಂದು ಊರು. ಹೆಸರು ಹಿಂದುಮುಂದನಹಳ್ಳಿ. ಎಲ್ಲಿದೆ ಅಂತ ಕೇಳಬೇಡಿ. ಕೇಳಿದರೆ ದಾರಿ ಹೇಳಬೇಕಾಗುತ್ತೆ, ದಾರಿ ಹೇಳಿದರೆ ನೀವು ಎದ್ದು ಹೋಗ್ತೀರಿ, ನೀವು ಎದ್ದು ಹೋದರೆ ಈ ಬೆಂಕಿಗೆ ಸೌದೆ ಹಾಕೋರು ಯಾರು? ಸುಮ್ಮನೆ ಕೂತ್ಕೊಳ್ಳಿ. ನಾನು ಹೇಳ್ತೀನಿ, ನೀವು ಹೂಂಗುಟ್ಟಿ. ಹೂಂಗುಟ್ಟೋದು ನಿಲ್ಲಿಸಿದರೆ ಕತೆ ಅಲ್ಲೇ ಕೆಟ್ಟು ನಿಲ್ಲುತ್ತೆ. ಆಮೇಲೆ ನನ್ನ ಕೇಳಬೇಡಿ. ಈ ಕತೆಗೆ ವಾರಂಟಿ ಇಲ್ಲ.

ಆ ಊರಿಗೊಬ್ಬ ರಾಜ. ಹೆಸರು ದಾಂಡಭೂಪ. ರಾಜ ಅಂದಮೇಲೆ ಯುದ್ಧದ ಹುಚ್ಚಿರಬೇಕು, ಇಲ್ಲ ಬೇಟೆಯ ಹುಚ್ಚಿರಬೇಕು. ಇವನಿಗೆ ಚಿನ್ನಿದಾಂಡಿನ ಹುಚ್ಚು. ಬೆಳಗೆದ್ದರೆ ಕೈಯಲ್ಲಿ ದಾಂಡು, ಸೊಂಟದಲ್ಲಿ ಚಿನ್ನಿ. ಎಗರಿ ಎಗರಿ ಹೊಡೀತಿದ್ದ. ಚಿನ್ನಿ ಮೂರು ಮಾರು ಹೋಗಿ ಪೊತ್ ಅಂತ ಬೀಳ್ತಿತ್ತು. ಮಂತ್ರಿಗಳು ಮಾತ್ರ ಹಣೆ ಮೇಲೆ ಕೈಯಿಟ್ಟು ದೂರದ ಬೆಟ್ಟ ನೋಡ್ತಾ, "ಏನು ಹೊಡೆತ ಮಾಸ್ವಾಮಿ! ಬಯಲೇ ಸಾಲಲಿಲ್ಲ" ಅಂತಿದ್ದರು.

ದಿನಾ ಕೇಳಿ ಕೇಳಿ ರಾಜನಿಗೂ ಬಯಲು ಸಾಲೋದಿಲ್ಲ ಅನ್ನಿಸಿತು. ಒಂದು ಕಟ್ಟಳೆ ಮಾಡಿದ. "ಭೀಮನ ಅಮಾವಾಸ್ಯೆ ದಿನ ಮುಗಿಯೋದರೊಳಗೆ ಉಳುಮೆ ಆಗದ ಹೊಲ ಯಾವುದೇ ಇರಲಿ, ಅದು ನನ್ನ ಚಿನ್ನಿದಾಂಡಿನ ಬಯಲು. ಒಂದೇ ಒಂದು ಸಾಲು ಬಾಕಿಯಿದ್ದರೂ ಇಡೀ ಹೊಲ ನನ್ನದು."

"ದಿನ ಮುಗಿಯೋದು ಅಂದ್ರೆ ಯಾವಾಗ ಬುದ್ದಿ?" ಅಂತ ಜನ ಕೇಳಿದರು.

"ಚಿನ್ನಿ ಕಣ್ಣಿಗೆ ಕಾಣೋವರೆಗೂ ದಿನ ಮುಗಿದಿಲ್ಲ" ಅಂದ ರಾಜ. ಆಟಗಾರ ನೋಡಿ, ಅಷ್ಟು ನ್ಯಾಯ ಇತ್ತು.

ಆ ಊರಲ್ಲಿ ಹೊನ್ನಕ್ಕ ಅಂತ ಒಬ್ಬಳಿದ್ದಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಕ್ಕಳಿರಲಿಲ್ಲ. ಇದ್ದದ್ದು ಒಂದು ಹೊಲ, ಹುಣಸೆಮರದ ಹೊಲ. ಅವಳ ಅವ್ವ ಸಾಯೋ ಹೊತ್ತಲ್ಲಿ ಕೈ ಹಿಡಿದು ಕೊಟ್ಟದ್ದು. ಹೊನ್ನಕ್ಕ ಅದನ್ನ ಮಗ ಅಂತಲೇ ಕರೀತಿದ್ದಳು. ದಿನಾ ಬದುವಿನ ಮೇಲೆ ನಿಂತು, "ಮಗಾ, ಚೆನ್ನಾಗಿದ್ದೀಯೇನಪ್ಪಾ?" ಅಂತ ಕೇಳ್ತಿದ್ದಳು. ಹೊಲ ಸುಮ್ಮನಿರ್ತಿತ್ತು. ಗಂಡುಮಕ್ಕಳು ಅವ್ವಂದಿರಿಗೆ ಉತ್ತರ ಕೊಡೋದು ಅಷ್ಟರಲ್ಲೇ ಇದೆ ಅಂತ ಅವಳೂ ಬೇಜಾರು ಮಾಡಿಕೊಳ್ತಿರಲಿಲ್ಲ. ಆದರೆ ಆ ಹೊಲದ ಮೇಲೆ ರಾಜ ಕುಣಿದಾಡೋದನ್ನ ನೆನೆಸಿಕೊಂಡರೆ ಸಾಕು, ನಡುರಾತ್ರೀಲೂ ಎದ್ದು ಬದುವಿಗೆ ಓಡ್ತಿದ್ದಳು.

ಇನ್ನೊಂದು ಮಾತು ಈಗಲೇ ಹೇಳಿಬಿಡ್ತೀನಿ, ಆಮೇಲೆ ಹೇಳಲಿಲ್ಲ ಅಂತ ಜಗಳ ತೆಗೀಬೇಡಿ. ಆ ಊರಲ್ಲೊಂದು ಪದ್ಧತಿ. ಉಳುಮೆ ದಿನ ಹೊಲದ ಬದುವಿನ ಮೇಲೆ ಕೂತು ಉಂಡವನು ಒಂದೋ ನೆಂಟ, ಇಲ್ಲ ಆಳು. ಮೂರನೆಯದು ಇಲ್ಲ. ಹಿಂದೊಂದು ಸಲ ಒಬ್ಬ ಬಳೆಗಾರ ದಾರೀಲಿ ಹೋಗ್ತಾ ಒಂದು ಮುದ್ದೆ ಉಂಡ. ಯಾವ ಕಡೆಯ ನೆಂಟ ಅಂತ ಕೇಳಿದರೆ ತಡಬಡಾಯಿಸಿದ. ಪಾಪ, ಸಂಜೆವರೆಗೂ ಹೊಲದ ಮಣ್ಣಿನ ಹೆಂಟೆ ಒಡೆದು, ಬಳೆ ಮಲಾರ ಹೊತ್ತುಕೊಂಡು ಕುಂಟುತ್ತಾ ಹೋದ. ಹೂಂ ಅನ್ನಿ.

ಹೊನ್ನಕ್ಕನ ಹತ್ತಿರ ಎರಡು ಎತ್ತು ಇದ್ದವು. ಒಂದು ಬೋರ, ಇನ್ನೊಂದು ಕಾಳ. ಒಂದು ವರ್ಷ ಭೀಮನ ಅಮಾವಾಸ್ಯೆಗೆ ಹೊಲ ಪೂರ್ತಿ ಉತ್ತು ಮುಗಿಸಿದವು, ಮನೆಗೆ ಬಂದವು, ನೊಗ ಇಳಿಸಿದವು. "ಅಕ್ಕಾ, ನಮಗೆ ವಯಸ್ಸಾಯ್ತು. ಇವತ್ತಿಗೆ ಸಾಕು" ಅಂದವು. ಅಂದು ಹೋಗಿ ಜಗಲಿ ಮೇಲೆ ಕಾಲು ಚಾಚಿ ಕೂತವು. ಬೇಕಾದರೆ ಬಯ್ಯಬಹುದಿತ್ತು. ಆದರೆ ಅಷ್ಟು ವರ್ಷ ದುಡಿದವರಿಗೆ ಏನಂತ ಬಯ್ಯೋದು? ಹೊನ್ನಕ್ಕ ಹುಲ್ಲು ತಂದು ಹಾಕಿದಳು.

"ಮುಂದಿನ ವರ್ಷ ನನ್ನ ಮಗನ್ನ ಯಾರು ಉಳ್ತಾರ್ರಯ್ಯಾ?" ಅಂತ ಕೇಳಿದಳು.

"ನಾವೇನೂ ಹೇಳಕಿಲ್ಲಪ್ಪ" ಅಂದ ಬೋರ.

"ಏನೂ ಹೇಳಕಿಲ್ಲ" ಅಂದ ಕಾಳ.

ಮಾರನೇ ದಿನ ಹೊನ್ನಕ್ಕ ಪೇಟೆಗೆ ಹೋದಳು. ಅಲ್ಲೊಂದು ಟ್ರಾಕ್ಟರ್ ಷೋರೂಮು. ಅದಕ್ಕೆ ಚಕ್ರಪಾಣಿ ಅಂತ ಮ್ಯಾನೇಜರು. ಇಸ್ತ್ರಿ ಮುರಿಯದ ಅಂಗಿ, ಎಣ್ಣೆ ಇಳಿಯೋ ನಗು. ಸಾಲಾಗಿ ಕೆಂಪು ಕೆಂಪು ಪುಟ್ಟ ಟ್ರಾಕ್ಟರುಗಳು ನಿಂತಿದ್ದವು. ಚಕ್ರಪಾಣಿ ಒಂದೊಂದರ ಬೆನ್ನು ತಟ್ಟಿ, ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆದು, ಒಳಗೆ ಕೈ ಹಾಕಿ ಬಟ್ಟೆಯಲ್ಲಿ ಒರೆಸಿ ತೋರಿಸ್ತಿದ್ದ. "ನೋಡೀಮ್ಮಾ, ಒಳಗೂ ಹೊಳಪು, ಹೊರಗೂ ಹೊಳಪು. ಗಾತ್ರ ಚಿಕ್ಕದು, ಗತ್ತು ದೊಡ್ಡದು."

"ಕೆಟ್ಟೋದ್ರೆ?" ಅಂದಳು ಹೊನ್ನಕ್ಕ.

ಚಕ್ರಪಾಣಿ ಎದೆ ಮೇಲೆ ಕೈ ಇಟ್ಟುಕೊಂಡ. "ಕೆಡೋದಾ? ಅಮ್ಮಾ, ನಾವು ಟ್ರಾಕ್ಟರ್ ಮಾರೋರಲ್ಲ. ಮನೆ ಮಗಳನ್ನ ಧಾರೆ ಎರೆದು ಕೊಡ್ತಾ ಇದ್ದೀವಿ. ಒಂದು ವರ್ಷ ವಾರಂಟಿ. ಆ ಒಂದು ವರ್ಷ ಇದು ಅವಳ ತವರುಮನೆ. ಶೀತ ಆಗಲಿ, ಜ್ವರ ಆಗಲಿ, ನಮ್ಮದು ಹೊಣೆ. ಮುಂದಿನ ಭೀಮನ ಅಮಾವಾಸ್ಯೆ ಸೂರ್ಯ ಮುಳುಗೋವರೆಗೂ ನಾವೂ ನೀವೂ ಬೀಗರು!"

ಈ ಮಾತನ್ನ ಅವನು ದಿನಕ್ಕೆ ಹತ್ತು ಜನಕ್ಕೆ ಹೇಳ್ತಿದ್ದ. ಕೇಳಿದವರು ನಕ್ಕು, ಕಾಫಿ ಕುಡಿದು, ಮರೆತು ಹೋಗ್ತಿದ್ದರು. ಆದರೆ ಹಿಂದುಮುಂದನಹಳ್ಳಿಯವರಿಗೆ ಒಂದು ರೋಗ. ಯಾರು ಏನು ಹೇಳಿದರೂ ನಂಬಿಬಿಡ್ತಾರೆ. ಹೊನ್ನಕ್ಕನ ಕಣ್ಣಲ್ಲಿ ನೀರು ಬಂತು. ಮಗನಿಗೆ ಹೆಣ್ಣು ಸಿಕ್ಕಿತಲ್ಲ!

ಟ್ರಾಕ್ಟರು ಊರಿಗೆ ಬಂತು. ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟರು. ಬಲಗಾಲಲ್ಲಿ ಒದ್ದು ಒಳಗೆ ಬಾರಮ್ಮ ಅಂದರು. ಟ್ರಾಕ್ಟರು ಬಲಗಾಲಲ್ಲೇ ಒದ್ದಿತು, ಸೇರು ಅಪ್ಪಚ್ಚಿ ಆಗಿ ತಟ್ಟೆಯಾಯಿತು. ಹೆಸರು ಮುದ್ದುರಂಗಮ್ಮ ಅಂತ ಇಟ್ಟರು. ಹೆಸರು ಟ್ರಾಕ್ಟರಿಗಿಂತ ಉದ್ದವಾಯಿತು, ಅರ್ಧ ಹೆಸರು ಕೊಟ್ಟಿಗೆಯಿಂದ ಆಚೆಗೇ ಉಳೀತು. ಆಮೇಲೆ ಗಂಡನ್ನ ತೋರಿಸೋಕೆ ಹುಣಸೆಮರದ ಹೊಲಕ್ಕೆ ಕರಕೊಂಡು ಹೋದರು.

"ನನ್ನ ಮಗ ಸ್ವಲ್ಪ ಮಾತು ಕಮ್ಮಿ ಕಣವ್ವ, ಹೊಂದ್ಕೊಂಡು ಹೋಗು" ಅಂದಳು ಹೊನ್ನಕ್ಕ.

"ಆಗಲಿ ಅತ್ತಮ್ಮ" ಅಂದಳು ಮುದ್ದುರಂಗಮ್ಮ. ನಾಚಿಕೊಂಡು ಹೊಲಕ್ಕೆ ಇಳಿದಳು. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಗುರ್ ಅಂದಳು, ಬುಸ್ ಅಂದಳು, ನಿಂತೇಬಿಟ್ಟಳು.

ಹೊನ್ನಕ್ಕ ಎದೆ ಹಿಡಿದುಕೊಂಡಳು. ತವರಿಗೆ ಹೇಳಿ ಕಳಿಸಿದಳು. ಚಕ್ರಪಾಣಿ ಬಂದ. ಅವನ ನೆರಳು ಬದುವಿನ ಮೇಲೆ ಬಿದ್ದದ್ದೇ ತಡ, ಮುದ್ದುರಂಗಮ್ಮ ಚಂಗನೆ ಎದ್ದು ನಿಂತಳು. ಟಕಟಕ ಅಂತ ಹೊಲ ಸುತ್ತಿದಳು. ಚಕ್ರಪಾಣಿ ಎಂಜಿನ್ ಮುಟ್ಟಿ ನೋಡಿ, ಕೈಗಂಟಿದ ಮಸಿಯನ್ನ ಪ್ಯಾಂಟಿಗೆ ಒರೆಸಿಕೊಂಡ. "ನನ್ನ ಒರೆಸೋ ಬಟ್ಟೆ ಎಲ್ಲೋ ಹಾಳಾಗಿ ಹೋಯ್ತು, ಸಿಕ್ತಾನೇ ಇಲ್ಲ. ಇವಳಿಗೇನು ಆಗಿದೆ? ಗುಂಡುಕಲ್ಲು ಇದ್ದಂಗೆ ಇದ್ದಾಳೆ."

"ನಿಂತೋಗಿದ್ದಳು ಬೀಗ್ರೇ. ಸದ್ದೇ ಇರಲಿಲ್ಲ."

"ಸದ್ದು ಮಾಡಿದರೆ ವಾರಂಟಿ ಇದೆ. ಸದ್ದೇ ಮಾಡದಿದ್ದರೆ ನಮಗೆ ಹೇಗೆ ಕೇಳಿಸಬೇಕು? ಕೇಳಿಸದೆ ಇರೋದಕ್ಕೆಲ್ಲ ಕಂಪನಿ ಹೊಣೆ ಅಲ್ಲಮ್ಮ" ಅಂದ ಚಕ್ರಪಾಣಿ. ಮಜ್ಜಿಗೆ ಕುಡಿದು ಹೋದ. ಅವನು ಊರ ಗಡಿ ದಾಟಿದ. ಗುರ್ ಅಂದಳು, ಬುಸ್ ಅಂದಳು, ನಿಂತೇಬಿಟ್ಟಳು.

ವರ್ಷಪೂರ್ತಿ ಇದೇ ಪಾಡು. ಗೊಬ್ಬರ ಹೇರಿದರೆ ಗುರ್, ಬುಸ್. ಸೌದೆ ಹೇರಿದರೆ ಗುರ್, ಬುಸ್. ಚಕ್ರಪಾಣಿ ಬಂದರೆ ಮಾತ್ರ ಚಂಗ್ ಅಂತ ಓಟ. ಒಂದು ಸಲ ಅವನು ಸ್ಕೂಟರ್ ನಿಲ್ಲಿಸೋ ಮೊದಲೇ ಎರಡು ಸುತ್ತು ಮುಗಿಸಿದ್ದಳು. ಬಂದಾಗೆಲ್ಲ ಅವನು ಒಂದು ಹೊಸ ಮಾತು ಹೇಳ್ತಿದ್ದ. ಚಕ್ರಕ್ಕೆ ವಾರಂಟಿ ಇದೆ, ಚಕ್ರ ತಿರುಗೋದಕ್ಕೆ ಇಲ್ಲ. ದೀಪಕ್ಕೆ ಇದೆ, ಬೆಳಕಿಗೆ ಇಲ್ಲ. ಚಕ್ರದ ರಬ್ಬರು ನಮ್ಮದು, ಒಳಗಿನ ಗಾಳಿ ನಿಮ್ಮೂರಿನದು, ಅದು ಎಂಥ ಗಾಳಿಯೋ ಯಾರಿಗೆ ಗೊತ್ತು. ಪ್ರತಿ ಸಲವೂ ಮಜ್ಜಿಗೆ ಮಾತ್ರ ಪೂರ್ತಿ ಕುಡೀತಿದ್ದ.

ಒಂದಿನ ಹೊನ್ನಕ್ಕ ಸೊಸೆಯ ಮುಂದೆ ಕೂತು ಅತ್ತೇಬಿಟ್ಟಳು. "ಅಲ್ಲ ಕಣೇ ಮುದ್ದು, ನನ್ನ ಮೇಲೆ ಏನು ಹಗೆ ನಿನಗೆ? ಅವನು ಬಂದಾಗ ಕುದುರೆ ಥರಾ ಓಡ್ತೀಯ, ಅವನು ಹೋದಮೇಲೆ ಹೆಣದ ಥರಾ ಬೀಳ್ತೀಯ. ನನ್ನನ್ನ ಸುಳ್ಳಿ ಮಾಡ್ತೀಯಲ್ಲೇ!"

"ಅಯ್ಯೋ ಅತ್ತಮ್ಮ" ಅಂದಳು ಮುದ್ದುರಂಗಮ್ಮ. "ತವರಿನೋರ ಮುಂದೆ ಹುಷಾರಿಲ್ಲ ಅಂತ ನರಳಿದ್ರೆ, ಅತ್ತೆಮನೆಯೋರು ಸರಿಯಾಗಿ ನೋಡ್ಕೊಂಡಿಲ್ಲ ಅಂತ ಆಡ್ಕೊಳ್ಳಲ್ವಾ? ನಿಮ್ಮ ಮಾನ ಕಾಪಾಡೋಕೆ ಅಂತ ಉಸಿರು ಬಿಗಿಹಿಡಿದು ಓಡ್ತೀನಿ."

ಹೊನ್ನಕ್ಕನಿಗೆ ಸಿಟ್ಟು ಬರಬೇಕೋ ಪ್ರೀತಿ ಬರಬೇಕೋ ಗೊತ್ತಾಗಲಿಲ್ಲ. ಎರಡೂ ಬಂತು. ಸೆರಗಿನಿಂದ ಸೊಸೆಯ ದೀಪ ಒರೆಸಿದಳು.

"ನಾವೇನೂ ಹೇಳಕಿಲ್ಲಪ್ಪ" ಅಂದವು ಜಗಲಿ ಮೇಲಿನ ಎತ್ತುಗಳು.

ಆಷಾಢ ಬಂತು. ಮಳೆ ಬಂತು. ಹುಣಸೆಮರದ ಹೊಲ ನೆನೆದು, ಮುಟ್ಟಿದರೆ ಪುಡಿಯಾಗೋ ಹಾಗೆ ಹದವಾಗಿ ಕಾಯ್ತಾ ಕೂತಿತು. ಹೊನ್ನಕ್ಕ ಸೊಸೆಗೆ ನೇಗಿಲು ಕಟ್ಟೋಕೆ ಹೋದಳು. ಅಷ್ಟರಲ್ಲಿ ಊರ ಯಜಮಾನ ಜವರಯ್ಯ ಕೋಲು ಊರಿಕೊಂಡು ಓಡಿಬಂದ.

"ಏ ಹೊನ್ನಿ! ಬುದ್ಧಿ ಎಲ್ಲಿ ಮಡಗಿದ್ದೀಯ? ಮೊದಲನೇ ಆಷಾಢ ಕಣಮ್ಮಿ. ಹೊಸ ಸೊಸೆ ಅತ್ತೆ ಜೊತೆ ಒಂದೇ ಸೂರಿನ ಕೆಳಗೆ ಇರಬಾರದು. ತವರಿಗೆ ಕಳಿಸು!"

"ಅಯ್ಯೋ ಜವರಣ್ಣ, ಅದು ಟ್ರಾಕ್ಟರು."

"ಸೇರು ಒದ್ದಿದ್ದು ಯಾರು? ಟ್ರಾಕ್ಟರ್ರೋ ಸೊಸೆಯೋ?"

ಹೊನ್ನಕ್ಕ ನೇಗಿಲು ಕೆಳಗಿಟ್ಟಳು. ಈ ಪ್ರಶ್ನೆಗೆ ಉತ್ತರ ನಿಮ್ಮ ಹತ್ತಿರ ಇದ್ದರೆ ಹೇಳಿ. ಇಲ್ಲ ತಾನೆ? ಹೂಂ ಅನ್ನಿ ಮತ್ತೆ.

ತವರು ಅಂದದ್ದೇ ತಡ, ಮುದ್ದುರಂಗಮ್ಮನ ಕಿವಿ ನೆಟ್ಟಗಾಯಿತು. ವರ್ಷವೆಲ್ಲ ಕೊಟ್ಟಿಗೆಯಿಂದ ತಿಪ್ಪೆಗೆ ಹೋಗೋಕೆ ಮೂರು ಸಲ ನಿಲ್ಲುತ್ತಿದ್ದವಳು, ಏಳು ದಿಬ್ಬ ಹತ್ತಿ, ಏಳು ಹಳ್ಳ ಇಳಿದು, ಒಂದು ಸಲವೂ ಕೆಮ್ಮದೆ ಪೇಟೆ ಸೇರಿದಳು. ಹೊಲ ಇಲ್ಲಿ ಹದವಾಗಿ ಕೂತಿತ್ತು, ಸೊಸೆ ಅಲ್ಲಿ ತವರಲ್ಲಿ ಕೂತಿದ್ದಳು. ಹೊನ್ನಕ್ಕ ಕುಂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ದಿನಾ ಬದುವಿಗೆ ಹೋಗಿ, "ಮಗಾ, ತಾಳಪ್ಪ" ಅಂದು ಬರ್ತಿದ್ದಳು. ಅಕ್ಕಪಕ್ಕದವರ ಎತ್ತು ಕೇಳಿದರೆ, "ಮನೇಲಿ ಸೊಸೆ ಇಟ್ಕೊಂಡು ಬೇರೆಯೋರ ಎತ್ತು ಕೇಳ್ತೀಯಲ್ಲ, ಆ ಹುಡುಗಿ ಮನಸ್ಸಿಗೆ ಹೆಂಗಾಗಬೇಡ?" ಅಂತ ಅವಳಿಗೇ ಬುದ್ಧಿ ಹೇಳಿ ಕಳಿಸಿದರು.

ಅಮಾವಾಸ್ಯೆ ನಾಳೆ ಅನ್ನುವಾಗ ರಾಜನ ಕಡೆಯವರು ಬಂದು ಹೊಲದ ಸುತ್ತ ಸುಣ್ಣದ ಗೆರೆ ಎಳೆದು ಹೋದರು. ಮಗನ ಮೈಮೇಲೆ ಬಿಳಿ ಗೆರೆ ನೋಡಿ ಹೊನ್ನಕ್ಕನಿಗೆ ತಡೆಯಲಾಗಲಿಲ್ಲ. ಸೆರಗು ಬಿಗಿದು ಪೇಟೆಗೆ ಹೊರಟಳು.

ಷೋರೂಮಿನ ಹತ್ತಿರ ಹೋದರೆ ಏನು ನೋಡ್ತಾಳೆ! ಚಕ್ರಪಾಣಿ ಮೊದಲಿನ ಚಕ್ರಪಾಣಿ ಅಲ್ಲ. ಅಂಗಿ ಮುದ್ದೆ, ತಲೆ ಕೆದರಿ, ಎದುರಿನ ಹೊಂಗೆಮರದ ಕೆಳಗೆ ಕೂತಿದ್ದಾನೆ. ಒಳಗೆ ಜಾಗವೇ ಇಲ್ಲ. ಹಿಂದುಮುಂದನಹಳ್ಳಿಯ ಸುದ್ದಿ ಕೇಳಿ ಸುತ್ತಮುತ್ತಲ ಊರವರೆಲ್ಲ ತಮ್ಮ ತಮ್ಮ ಟ್ರಾಕ್ಟರು ಆಷಾಢಕ್ಕೆ ತವರಿಗೆ ಕಳಿಸಿದ್ದರು. ಕೆಂಪು ಹೆಣ್ಣುಮಕ್ಕಳೆಲ್ಲ ಸಾಲಾಗಿ ಕೂತು ಅತ್ತೆಯರ ಮೇಲೆ ಚಾಡಿ ಹೇಳ್ತಿದ್ದರು. "ಅಪ್ಪಯ್ಯಾ, ನನಗೆ ಎಣ್ಣೆ ನೀರು." "ಅಪ್ಪಯ್ಯಾ, ಅಕ್ಕಂಗೆ ಎರಡು ಡಬ್ಬ ಡೀಸೆಲ್ ಹಾಕಿದ್ರಿ, ನನಗೆ ಒಂದೇನಾ?" "ಅಪ್ಪಯ್ಯಾ, ಹಸಿರು ನಟ್ಟು ಹಾಕಿಸ್ತೀನಿ ಅಂದಿದ್ರಿ."

"ಏನು ಬೀಗ್ರೇ, ಮನೆ ತುಂಬಿದಂಗಿದೆ" ಅಂದಳು ಹೊನ್ನಕ್ಕ.

"ಅಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ. ಮಾತಿಗೆ ಹೇಳಿದ್ದು ನಾನು!" ಅಂದ ಚಕ್ರಪಾಣಿ. "ಮಾತಿಗೆ ಹೇಳಿದ್ದನ್ನ ಯಾರಾದರೂ ನಂಬ್ತಾರಾ? ಬಂದು ಕರಕೊಂಡು ಹೋಗಿ. ಹೇಗೂ ನಾಳೆ ಸೂರ್ಯ ಮುಳುಗಿದರೆ ವಾರಂಟಿ ಮುಗೀತು. ಆಮೇಲೆ ನಾನ್ಯಾರೋ, ಅವಳ್ಯಾರೋ."

ಹೊನ್ನಕ್ಕ ಹೊಂಗೆಮರದ ಕೆಳಗೇ ಕೂತು ಯೋಚನೆ ಮಾಡಿದಳು. ನಾಳೆಯೂ ಆಷಾಢವೇ. ಅತ್ತೆ ಸೊಸೆ ಒಂದೇ ಸೂರಿನ ಕೆಳಗೆ ಇರಬಾರದು. ಆದರೆ ಹೊಲಕ್ಕೆ ಸೂರೆಲ್ಲಿದೆ? ಸರಿ, ಸೊಸೆ ನೆಟ್ಟಗೆ ಹೊಲಕ್ಕೆ ಬರಬಹುದು. ಬಂದರೆ ಉಳ್ತಾಳಾ? ಗುರ್ ಅಂತಾಳೆ, ಬುಸ್ ಅಂತಾಳೆ, ನಿಲ್ತಾಳೆ. ನಿಲ್ಲದೆ ಇರೋದು ಯಾವಾಗ? ತವರಿನವರು ನೋಡ್ತಾ ಇರುವಾಗ. ಹೊನ್ನಕ್ಕನ ಮುಖ ಮೆಲ್ಲಗೆ ಅರಳಿತು.

"ಬೀಗ್ರೇ, ಸೊಸೆಯನ್ನ ನಾವು ಕರಕೊಂಡು ಹೋಗೋ ಪದ್ಧತಿ ಇಲ್ಲ. ತವರಿನೋರೇ ತಂದು ಬಿಡಬೇಕು. ನಾಳೆ ಬನ್ನಿ. ಹೊಲದಲ್ಲೇ ಬೀಗರೂಟ."

ಬೀಗರೂಟ ಅಂದಾಗ ಚಕ್ರಪಾಣಿಯ ಕಣ್ಣಿಗೆ ಸ್ವಲ್ಪ ಜೀವ ಬಂತು. ಹೆಣ್ಣುಮಕ್ಕಳ ಉಪಚಾರದಲ್ಲಿ ಅವನು ಸರಿಯಾಗಿ ಊಟ ಮಾಡಿ ತಿಂಗಳಾಗಿತ್ತು. "ಬಾಡು ಇರುತ್ತಾ?" ಅಂದ.

"ಅಮಾಸೆ ದಿನ ಬಾಡೆಲ್ಲಿ ಬರುತ್ತೆ? ಕಡುಬು, ಹುರುಳಿ ಬಸ್ಸಾರು, ಬಿಸಿ ಮುದ್ದೆ, ಪಾಯಸ."

"ಬಂದೆ" ಅಂದ ಚಕ್ರಪಾಣಿ.

ಅಮಾವಾಸ್ಯೆ ಬೆಳಗ್ಗೆ ಮುದ್ದುರಂಗಮ್ಮ ಅಪ್ಪಯ್ಯನ್ನ ಕೂರಿಸಿಕೊಂಡು ಬಂದಳು. ಹುಣಸೆಮರದ ಕೆಳಗೆ, ಬದುವಿನ ಮೇಲೆ ಚಾಪೆ ಹಾಸಿತ್ತು, ಬಾಳೆಲೆ ಹಾಕಿತ್ತು. ಹೊನ್ನಕ್ಕ ಚಕ್ರಪಾಣಿಯನ್ನ ಹೊಲಕ್ಕೆ ಮುಖ ಮಾಡಿ ಕೂರಿಸಿದಳು. ಸೊಸೆಗೆ ನೇಗಿಲು ಕಟ್ಟಿದಳು. ಮುದ್ದುರಂಗಮ್ಮನಿಗೆ ಡ್ರೈವರ್ ಬೇಕಿರಲಿಲ್ಲ. ಅವಳಿಗೆ ಬೇಕಿದ್ದದ್ದು ನೋಡೋರು. ತವರಿನ ಕಣ್ಣು ಬಿದ್ದದ್ದೇ, ಉಸಿರು ಬಿಗಿಹಿಡಿದು ಹೊರಟಳು. ಮಣ್ಣು ಬೆಣ್ಣೆಯ ಹಾಗೆ ಹೊರಳಿತು. ಒಂದು ಸಾಲು, ಎರಡು ಸಾಲು.

ಚಕ್ರಪಾಣಿ ಕಡುಬು ಮುರಿಯೋಕೆ ಎಲೆ ಕಡೆ ತಲೆ ಬಗ್ಗಿಸಿದ. ಗುರ್, ಬುಸ್!

"ಬೀಗ್ರೇ, ತಲೆ ಎತ್ತಿ! ಮಗಳ ಕಡೆ ನೋಡಿ, ಎಷ್ಟು ಚೆನ್ನಾಗಿ ಸಂಸಾರ ಮಾಡ್ತಿದ್ದಾಳೆ ನೋಡಿ!" ಅಂತ ಹೊನ್ನಕ್ಕ ಕಡುಬನ್ನ ಅವನ ಕೈಗೇ ಇಟ್ಟಳು. ಚಕ್ರಪಾಣಿ ತಲೆ ಎತ್ತಿದ. ಟ್ರಾಕ್ಟರು ಎದ್ದಿತು. ಆಮೇಲೆ ಅವನ ಕಣ್ಣು ಹೊಲದ ಕಡೆ, ಕೈ ಬಾಯಿ ಕಡೆ. ಕಡುಬು ಮುಗಿದರೆ ಮುದ್ದೆ. ಮುದ್ದೆ ಮುಗಿದರೆ ಸಾರು. ಸಾರು ಮುಗಿದರೆ ಇನ್ನೊಂದು ಮುದ್ದೆ. "ಸಾಕಮ್ಮ" ಅಂದರೆ, "ನಮ್ಮನೆ ಊಟ ಸೇರಲಿಲ್ವಾ ಬೀಗ್ರೇ?" ಅಂತ ಹೊನ್ನಕ್ಕ ಮುಖ ಸಪ್ಪೆ ಮಾಡ್ತಿದ್ದಳು. ಎಲೆ ಮುಂದಿಂದ ಬೀಗ ಅರ್ಧಕ್ಕೆ ಏಳೋದುಂಟೆ? ಮಾನ ಹೋಗುತ್ತೆ.

ಮಧ್ಯಾಹ್ನಕ್ಕೆ ರಾಜ ದಾಂಡಭೂಪ ಮಂತ್ರಿಗಳ ಜೊತೆ ಬಂದ. ಸುಣ್ಣದ ಗೆರೆ ಪಕ್ಕ ನಿಂತು ದಾಂಡು ತಿರುಗಿಸ್ತಾ ಸೂರ್ಯನ ಕಡೆ ನೋಡ್ತಾ ಇದ್ದ. ಗಾಳಿ ಆ ಕಡೆಗೆ ಬೀಸಿತು. ಬಸ್ಸಾರಿನ ಒಗ್ಗರಣೆ ರಾಜನ ಮೂಗಿಗೆ ಬಡಿಯಿತು. ಅರಮನೆಯಲ್ಲಿ ಬೆಳ್ಳಿ ತಟ್ಟೆ ಇದೆ, ಬಂಗಾರದ ಲೋಟ ಇದೆ, ಹುರುಳಿ ಬಸ್ಸಾರು ಎಲ್ಲಿಂದ ಬರಬೇಕು?

"ಅದೇನದು?" ಅಂದ ರಾಜ.

"ಉಣ್ಣೋ ಮನಸ್ಸಿದ್ರೆ ಬನ್ನಿ ಬುದ್ದಿ, ಬಡವರ ಮನೇದು" ಅಂದಳು ಹೊನ್ನಕ್ಕ. ರಾಜ ಚಕ್ರಪಾಣಿ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಎರಡು ಮುದ್ದೆ ಇಳಿಸಿದ, ಮೂರನೆಯದಕ್ಕೆ ಕೈ ಚಾಚಿದ. ಮಂತ್ರಿಗಳು ಹಣೆ ಮೇಲೆ ಕೈಯಿಟ್ಟು, "ಏನು ಊಟ ಮಾಸ್ವಾಮಿ! ಎಲೆಯೇ ಸಾಲಲಿಲ್ಲ" ಅಂದರು. ಅವರಿಗೆ ಮಾತ್ರ ಯಾರೂ ಎಲೆ ಹಾಕಲಿಲ್ಲ.

ಹೀಗೆ ಇವರು ಉಣ್ತಾ ಇದ್ದರು, ಅವಳು ಉಳ್ತಾ ಇದ್ದಳು. ಹೊತ್ತು ಇಳೀತು. ಸೂರ್ಯ ಬೆಟ್ಟದ ಮೇಲೆ ಕೂತ. ಹೊಲದ ಕೊನೆಯಲ್ಲಿ, ಹುಣಸೆಮರದ ಪಕ್ಕ, ಒಂದೇ ಒಂದು ಸಾಲು ಬಾಕಿ. "ಇನ್ನೊಂದೇ ಕಣವ್ವ, ಇನ್ನೊಂದೇ!" ಅಂತ ಹೊನ್ನಕ್ಕ ಕೂಗ್ತಾ ಇದ್ದಳು. ಮುದ್ದುರಂಗಮ್ಮ ತಿರುಗಿದಳು. ಸೂರ್ಯ ಮುಳುಗಿದ.

ಗುರ್ ಅಂದಳು, ಬುಸ್ ಅಂದಳು, ನಿಂತೇಬಿಟ್ಟಳು.

ಚಕ್ರಪಾಣಿ ಅವಳ ಮುಂದೆ ಹೋಗಿ ನಿಂತರೂ ಏಳಲಿಲ್ಲ. "ಇನ್ನು ಇವರು ನನ್ನ ತವರಿನೋರಲ್ಲ ಅತ್ತಮ್ಮ. ಯಾರಿಗೆ ಅಂತ ಓಡಲಿ?" ಅಂದಳು.

"ಅದು ಸರಿಯಾದ ಮಾತು" ಅಂದ ಚಕ್ರಪಾಣಿ. ಕೈ ತೊಳೆದು, ಪ್ಯಾಂಟಿಗೆ ಒರೆಸಿಕೊಂಡ. ಮುಖದಲ್ಲಿ ಹಳೇ ನಗು ವಾಪಸು ಬಂತು. "ವಾರಂಟಿ ಮುಗೀತು ಹೊನ್ನಮ್ಮನವರೇ. ಇನ್ನು ನೀವು ನನಗೆ ಬೀಗರಲ್ಲ, ನಾನು ನಿಮಗೆ ನೆಂಟನಲ್ಲ. ಬರ್ತೀನಿ."

ರಾಜ ಎದ್ದು ನಿಂತು ಚಿನ್ನಿಯನ್ನ ಮೇಲಕ್ಕೆ ಹಿಡಿದ. "ಇನ್ನೂ ಕಾಣ್ತಾ ಇದೆ. ಆದರೆ ಸ್ವಲ್ಪ ಹೊತ್ತು ಅಷ್ಟೇ. ಒಂದು ಸಾಲು ಬಾಕಿ, ಹೊಲ ನನ್ನದು."

ಹೊನ್ನಕ್ಕ ಮಗನ ಕಡೆ ನೋಡಿದಳು. ಅವ್ವ ಕೈ ಹಿಡಿದು ಕೊಟ್ಟ ಹೊಲ, ಒಂದು ಸಾಲಿಗೆ ಕೈ ಬಿಟ್ಟು ಹೋಗೋದಾ? ಅಳು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವಳ ಕಣ್ಣು ಎಲೆಗಳ ಮೇಲೆ ಬಿತ್ತು. ಎರಡು ಎಲೆ. ಎರಡನ್ನೂ ನೆಕ್ಕಿದ ಹಾಗೆ ಉಂಡಿದ್ದರು.

"ಒಸಿ ನಿಂತ್ಕೊಳ್ಳಿ" ಅಂದಳು ಹೊನ್ನಕ್ಕ. "ಈಗ ತಾನೆ ಏನಂದ್ರಿ? ನೆಂಟ ಅಲ್ವಾ ನೀವು?"

"ಅಲ್ಲವೇ ಅಲ್ಲ" ಅಂದ ಚಕ್ರಪಾಣಿ.

"ಬುದ್ದಿ, ತಾವು ನನಗೆ ನೆಂಟರಾಗಬೇಕಾ?"

"ಏಯ್! ರಾಜ ನಿನಗೆ ಹೇಗೆ ನೆಂಟನಾಗ್ತಾನೆ?" ಅಂದ ದಾಂಡಭೂಪ.

"ಸರಿ ಹಾಗಾದ್ರೆ. ಉಳುಮೆ ದಿನ ಬದುವಿನ ಮೇಲೆ ಉಂಡೋನು ಒಂದೋ ನೆಂಟ, ಇಲ್ಲ ಆಳು. ಉಂಡಿದ್ದೀರಿ. ನೆಂಟರಲ್ಲ ಅಂತ ನೀವೇ ಅಂದಿದ್ದೀರಿ. ಬನ್ನಿ ಇತ್ಲಾಗೆ. ಒಂದು ಸಾಲು ಬಾಕಿ ಇದೆ."

ಚಕ್ರಪಾಣಿ ಓಡಬೇಕು ಅಂದುಕೊಂಡ. ಅಷ್ಟು ಉಂಡವನು ಎಲ್ಲಿ ಓಡ್ತಾನೆ? ಮೂರು ಮಾರು ಹೋಗಿ ಪೊತ್ ಅಂತ ಬಿದ್ದ. ರಾಜ ಮಂತ್ರಿಗಳ ಕಡೆ ನೋಡಿದ. ಮಂತ್ರಿಗಳು ಬೆಟ್ಟದ ಕಡೆ ನೋಡಿದರು. ಹಸಿದ ಹೊಟ್ಟೆ ಅವರದು, ಒಬ್ಬರೂ ಬಾಯಿ ಬಿಡಲಿಲ್ಲ. ಉಳುಮೆ ನೋಡೋಕೆ ಬಂದಿದ್ದ ಜವರಯ್ಯ ಮಾತ್ರ ಕೋಲು ಕುಟ್ಟಿ, "ಬಳೆಗಾರನಿಗೊಂದು ನ್ಯಾಯ, ರಾಜನಿಗೊಂದು ನ್ಯಾಯವಾ?" ಅಂದ. ಆಟಗಾರ ರಾಜ, ಆಟದ ನಿಯಮ ಮುರಿದವನು ಅಂತ ಅನ್ನಿಸಿಕೊಳ್ಳೋಕೆ ಅವನಿಗೆ ಆಗಲಿಲ್ಲ. ತಲೆ ತಗ್ಗಿಸಿ ಬಂದ.

ಅಟ್ಟದ ಮೇಲಿದ್ದ ಹಳೇ ನೊಗ ಬಂತು, ಹಳೇ ನೇಗಿಲು ಬಂತು. ನೊಗದ ಎಡಕ್ಕೆ ರಾಜ, ಬಲಕ್ಕೆ ಮ್ಯಾನೇಜರು. ಹಿಂದೆ ನೇಗಿಲ ಮೇಣಿ ಹಿಡಿದವಳು ಹೊನ್ನಕ್ಕ. ರಾಜನ ಚಿನ್ನಿಯನ್ನ ಎಲ್ಲರಿಗೂ ಕಾಣೋ ಹಾಗೆ ಹುಣಸೆ ಕೊಂಬೆಗೆ ಸಿಕ್ಕಿಸಿದರು. ಬೋರ, ಕಾಳ ಇಬ್ಬರೂ ಜಗಲಿ ಇಳಿದು ಬಂದು ಬದುವಿನ ಮೇಲೆ ಕೂತರು.

"ಈಗ ಹೇಳ್ತೀವಪ್ಪ" ಅಂದ ಬೋರ.

"ಈಗ ಹೇಳ್ಲೇಬೇಕು" ಅಂದ ಕಾಳ. "ಏಯ್ ಬಲಗಡೆಯೋನೆ, ಭುಜ ಕೊಡು! ಬರೀ ಬಾಯಿ ಕೊಟ್ಟರೆ ನೇಗಿಲು ಹೋಗಕಿಲ್ಲ. ಎಡಗಡೆಯೋನು ಪರವಾಗಿಲ್ಲ, ಆದರೆ ಎಗರಬೇಡ, ಎಗರಬೇಡ ಕಣಯ್ಯ, ಇದು ಚಿನ್ನಿಯಲ್ಲ!"

ರಾಜ ಗುರ್ ಅಂದ, ಮ್ಯಾನೇಜರು ಬುಸ್ ಅಂದ. ಆದರೆ ನಿಲ್ಲಲಿಲ್ಲ. ನಿಲ್ಲೋಕೆ ಹೊನ್ನಕ್ಕ ಬಿಡಲಿಲ್ಲ. ಕತ್ತಲು ಒಂದೊಂದೇ ಎಲೆ ನುಂಗ್ತಾ ಬಂತು. ಚಿನ್ನಿ ಇನ್ನೂ ಕಾಣ್ತಿತ್ತು, ಮಸುಕಾಗಿ ಕಾಣ್ತಿತ್ತು, ಇದೆಯೋ ಇಲ್ಲವೋ ಅನ್ನೋ ಹಾಗೆ ಕಾಣ್ತಿತ್ತು. ನೇಗಿಲ ಕುಳ ಬದು ಮುಟ್ಟಿ ಟಣ್ ಅಂದಿತು. ತಿರುಗಿ ನೋಡಿದರೆ ಚಿನ್ನಿ ಕಾಣಲಿಲ್ಲ.

ಹೊನ್ನಕ್ಕ ಅಲ್ಲೇ ಮಣ್ಣಿನ ಮೇಲೆ ಕೂತು ಜೋರಾಗಿ ಅತ್ತಳು, ಜೋರಾಗಿ ನಕ್ಕಳು. ಆಮೇಲೆ ಎದ್ದು ಸೊಸೆಯ ಹತ್ತಿರ ಹೋದಳು.

"ನಿನಗೆ ತವರೂ ಹೋಯ್ತಲ್ಲೇ ಮುದ್ದು. ಇನ್ನೇನು ಮಾಡೋಣ?"

"ತವರು ಹೋಯ್ತು ಅತ್ತಮ್ಮ, ಇನ್ನು ಯಾರ ಮಾನ ಕಾಪಾಡಬೇಕು?" ಅಂದಳು ಮುದ್ದುರಂಗಮ್ಮ. "ಇನ್ನು ನಿಜ ಹೇಳ್ತೀನಿ. ನನ್ನ ಡೀಸೆಲ್ ಟ್ಯಾಂಕಿಗೆ ಕೈ ಹಾಕಿ. ಹುಟ್ಟಿದ ಮನೆಯಿಂದ ಬರುವಾಗಲೇ ಅಲ್ಲೇನೋ ಸಿಕ್ಕಿಕೊಂಡಿದೆ. ಉಸಿರು ಕಟ್ಟುತ್ತೆ."

ಹೊನ್ನಕ್ಕ ಮುಚ್ಚಳ ತೆಗೆದು ಕೈ ಹಾಕಿದಳು. ಎಳೆದಳು, ಎಳೆದಳು. ಒಂದು ಮಾರುದ್ದದ ಒರೆಸೋ ಬಟ್ಟೆ ಬಂತು, ಡೀಸೆಲ್ ತೊಟ್ಟಿಕ್ಕುತ್ತಾ.

ನೊಗದ ಕೆಳಗೆ ಅಂಗಾತ ಬಿದ್ದಿದ್ದ ಚಕ್ರಪಾಣಿ ಎದ್ದು ಕೂತ. "ಅಯ್ಯೋ! ನನ್ನ ಬಟ್ಟೆ!"

ಎಲ್ಲರೂ ಅವನ ಕಡೆ ನೋಡಿದರು. ರಾಜನೂ ನೋಡಿದ, ಎತ್ತುಗಳೂ ನೋಡಿದವು. ಬೇರೆ ಯಾರಾದರೂ ಆಗಿದ್ದರೆ ಮಣ್ಣೊಳಗೆ ಇಳಿದು ಹೋಗ್ತಿದ್ದ. ಚಕ್ರಪಾಣಿ ಅಂಗಿ ಕೊಡವಿಕೊಂಡು ಹೇಳಿದ, "ಛೆ, ಸೂರ್ಯ ಮುಳುಗೋಕೆ ಮುಂಚೆ ಹೇಳಿದ್ದರೆ ವಾರಂಟಿಯಲ್ಲಿ ತೆಗೆದುಕೊಡ್ತಿದ್ದೆ."

ಹೊನ್ನಕ್ಕ ಬಟ್ಟೆಯನ್ನ ಹಿಂಡಿ ಮಡಿಸಿದಳು. ಮೇಲೆ ಎರಡು ವೀಳ್ಯದೆಲೆ, ಒಂದು ಅಡಿಕೆ ಇಟ್ಟಳು. "ಆಳನ್ನೂ ಬರಿಗೈಯಲ್ಲಿ ಕಳಿಸೋ ಪದ್ಧತಿ ಇಲ್ಲ" ಅಂತ ಅವನ ಕೈಗೆ ಕೊಟ್ಟಳು. ಮುದ್ದುರಂಗಮ್ಮ ಆ ಹೊತ್ತಿನಿಂದ ಇವತ್ತಿನವರೆಗೂ ಗುರ್ ಅಂದಿಲ್ಲ, ಬುಸ್ ಅಂದಿಲ್ಲ. ವಾರಂಟಿ ಇರೋವರೆಗೂ ಕೆಟ್ಟಿದ್ದು, ಮುಗಿದ ಮೇಲೆ ನೆಟ್ಟಗಾದ ಟ್ರಾಕ್ಟರು ಪ್ರಪಂಚದಲ್ಲಿ ಅದೊಂದೇ ಅಂತ ಕೇಳಿದ್ದೀನಿ. ರಾಜನಿಗೆ ಭುಜ ಊದಿ ದಾಂಡು ಎತ್ತೋಕಾಗಲಿಲ್ಲ. ಬಯಲು ಸಾಕು ಅಂದುಬಿಟ್ಟ. ಚಕ್ರಪಾಣಿ ಈಗ ಗಿರಾಕಿಗಳಿಗೆ ಮಗಳು ಅನ್ನೋದಿಲ್ಲ. ದೂರದ ಸಂಬಂಧ ಅಂತಾನೆ.

ಇದರ ನೀತಿ ಏನು ಅಂತ ಕೇಳ್ತೀರಾ? ಕೊಳ್ಳುವಾಗ ಟ್ಯಾಂಕಿಗೆ ಕೈ ಹಾಕಿ ನೋಡಿ. ಅದಾಗದಿದ್ದರೆ ಮಾರಿದವನಿಗೆ ಊಟಕ್ಕಾದರೂ ಹಾಕಿ.

ಎಲ್ಲರೂ ಹೋದಮೇಲೆ ಹೊನ್ನಕ್ಕ ಬದುವಿನ ಮೇಲೆ ನಿಂತಳು. ಉತ್ತ ಮಣ್ಣಿನ ವಾಸನೆ ಘಮ್ ಅಂತ ಏಳ್ತಿತ್ತು. "ಮಗಾ, ಚೆನ್ನಾಗಿದ್ದೀಯೇನಪ್ಪಾ?" ಅಂತ ಕೇಳಿದಳು.

ಹೊಲ ಮೊದಲನೇ ಸಲ ಬಾಯಿ ಬಿಟ್ಟಿತು. "ಹೂಂ" ಅಂದಿತು.

ನೋಡಿ, ಮಾತೇ ಬಾರದ ಹೊಲ ಹೂಂ ಅಂದಿತು. ಇಷ್ಟು ಹೊತ್ತು ಕೂತು ನನ್ನ ಬೆಂಕಿಯಲ್ಲಿ ಮೈ ಕಾಯಿಸಿಕೊಂಡ ನೀವು ಮಾತ್ರ ಬಾಯಿಗೆ ಬಟ್ಟೆ ಸಿಕ್ಕಿಕೊಂಡ ಹಾಗೆ ಕೂತಿದ್ದೀರಿ. ಏಳಿ, ಮನೆಗೆ ನಡೀರಿ. ಅವರು ಅಲ್ಲಿ ರಾಗಿ ಬಿತ್ತಿದರು, ನಾವು ಇಲ್ಲಿ ಬೂದಿ ಕೆದಕಿದೆವು.